ಪ್ರಯೋಗ ಎಂಟು

ಪೇಂಟ್ ಡಬ್ಬಿಯಲ್ಲಿ ಬೆಳೆದ ರಿಯೋ ಗಿಡ,
ಮೇಲೆ ಹಸಿರು, ಬೆನ್ನು ನೇರಳೆ.
ವರ್ಷಕ್ಕೊಮ್ಮೆ, ಆಗಸ್ಟಿನಲ್ಲಿ,
ನಾನು ಅದರ ಬೆನ್ನ ಚರ್ಮ ಸುಲಿಯುತ್ತೇನೆ.

ಇಪ್ಪತ್ತೆರಡು ವರ್ಷದಿಂದ ಇದೇ ಮಂಡ್ಯ, ಇದೇ ಲ್ಯಾಬು.
ಕಿಟಕಿ ತೆರೆದರೆ ಕಾರ್ಖಾನೆಯ ಮಡ್ಡಿ ವಾಸನೆ,
ಮುಚ್ಚಿದರೆ ಫಾರ್ಮಲಿನ್ನು.
ನಲವತ್ತು ಮಕ್ಕಳಿಗೆ ಐದು ಮೈಕ್ರೋಸ್ಕೋಪು,
ಅದರಲ್ಲೊಂದರ ಕನ್ನಡಿಗೆ ಸೆಲ್ಲೋಟೇಪು.

ಗಾಜಿನ ಮೇಲೆ ಸುಲಿದ ಪೊರೆ. ಒಂದು ಹನಿ ಉಪ್ಪುನೀರು.
ನೋಡಿ, ಎನ್ನುತ್ತೇನೆ.
ತುಂಬಿ ನಿಂತ ನೇರಳೆ ಕೋಣೆ
ಮೂಲೆಗಳಿಂದ ಮೊದಲು ಬಿಡುತ್ತದೆ,
ಆಮೇಲೆ ನಡುವಿಗೆ ಸರಿದು ಉಂಡೆಯಾಗುತ್ತದೆ.
ಗೋಡೆ ಮಾತ್ರ ನಿಂತಲ್ಲೇ.
"ಇದು ಪ್ಲಾಸ್ಮಾಲಿಸಿಸ್. ಎರಡು ಅಂಕ."

ಮೋನಿಕ ಬೆರಳಿಗಂಟಿದ ಹನಿಯನ್ನು ನೆಕ್ಕಿದಳು.
ಏನನ್ನೂ ಬಾಯಿಗಿಡಬಾರದೆಂದು
ಗೋಡೆಯ ಮೇಲೇ ಬರೆದಿದೆ.
ಗದರಿದೆ. ಹೆದರಲಿಲ್ಲ:
"ನಾಲೆ ಪಕ್ಕದ ನಮ್ ಗದ್ದೇಲೂ ಹಿಂಗೇ ಅದೆ ಮಿಸ್,
ನೀರು ಜಾಸ್ತಿಯಾಗಿ ಉಪ್ಪು ಮ್ಯಾಕೆ ಬಂದದೆ.
ಭತ್ತಾನೂ ಹಿಂಗೇ ಮುದುರ್ಕತದಾ?"

ಹೌದೆಂದೆ. ಇಲ್ಲವೆಂದೂ ಹೇಳಬೇಕಿತ್ತು.
ಬೆಲ್ ಹೊಡೆಯಿತು.

ಹೇಳಬೇಕಿದ್ದದ್ದು ಬಸ್ಸಿನಲ್ಲಿ ನೆನಪಾಯಿತು:
ಗಾಜಿನ ಮೇಲಿನ ಎಲೆಗೆ ನಾವು ಸಮಯ ಕೊಡುವುದಿಲ್ಲ.
ಗದ್ದೆಯ ಭತ್ತಕ್ಕೆ ಬೇರಿನಲ್ಲೇ ಸುದ್ದಿ ಮುಟ್ಟುತ್ತದೆ.
ಕ್ಯಾಲ್ಸಿಯಂ ಅಲೆಯೊಂದು ಕೋಶದಿಂದ ಕೋಶಕ್ಕೆ ಓಡುತ್ತದೆ,
ನಾಲೆಗೆ ನೀರು ಬಿಟ್ಟರಂತೆ ಅನ್ನುವ ಮಾತು
ತೂಬಿನಿಂದ ತೂಬಿಗೆ ಓಡುವುದಕ್ಕಿಂತ ಬೇಗ.
ದುಂಡಗೆ ಕುಳಿತಿದ್ದ ಹಸಿರುಕಣಗಳು
ಕೈ ಚಾಚಿ, ಕೂದಲಿಗಿಂತ ಎಷ್ಟೋ ತೆಳ್ಳನೆಯ ಕೈ,
ಕೋಶಕೇಂದ್ರದ ಹೊಸ್ತಿಲು ತಡಕುತ್ತವೆ.
ಅಲ್ಲಾಗಲೇ ಹಳೆಯ ಓಲೆಗಳನ್ನು ಕಟ್ಟಿ ಬದಿಗಿಟ್ಟಾಗಿದೆ:
ಬೆಳೆಯುವುದು ಈಗ ಬೇಡ,
ತೆನೆಯ ಮಾತು ಆಮೇಲೆ.
ಮುರಿದ ತನ್ನ ಸಾಮಾನನ್ನು ಕೋಶ ತಾನೇ ತಿನ್ನುತ್ತದೆ,
ಹಸಿವಿಗೂ ಹೌದು, ಚೊಕ್ಕಟಕ್ಕೂ ಹೌದು.
ಹೊರಹಾಕಲಾಗದ ಉಪ್ಪನ್ನು
ರಸದಾನಿಯ ಒಳಕೋಣೆಗೆ ನೂಕಿ ಅಗುಳಿ ಹಾಕುತ್ತದೆ.
ಬೇಡದ್ದನ್ನು ಮನೆಯೊಳಗೇ ಇಟ್ಟುಕೊಂಡು ಬಾಳುವುದು.
ವಾರಗಿತ್ತಿಯ ಜೊತೆ ಒಂಬತ್ತು ವರ್ಷ
ಒಂದೇ ಒಲೆ ಹಂಚಿಕೊಂಡ ನನಗೆ
ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಇದ್ಯಾವುದೂ ನಮ್ಮ ಮೈಕ್ರೋಸ್ಕೋಪಿಗೆ ಕಾಣದು.
ಕಾಣದ್ದನ್ನು ಹೇಳುವುದಕ್ಕೇ ನನಗೆ ಸಂಬಳ.

ಶನಿವಾರ, ರೆಕಾರ್ಡ್ ತಿದ್ದುವಾಗ ಮೋನಿಕಳ ಪುಟ.
ಗೋಡೆ ಸರಿ, ಉಂಡೆ ಸರಿ.
ಉಂಡೆಯಿಂದ ಗೋಡೆಗೆ ಇವೇನು,
ಸೈಕಲ್ ಚಕ್ರದ ಕಡ್ಡಿಗಳ ಹಾಗೆ ಗೆರೆಗಳು?
ಪಠ್ಯದ ಚಿತ್ರದಲ್ಲಿಲ್ಲ.
ಬೋರ್ಡಿನ ಮೇಲೆ ನಾನೂ ಬರೆದಿಲ್ಲ.
ಕೆಂಪು ಪೆನ್ನು ಎತ್ತಿದೆ.

ಇಳಿಸಿದೆ.
ಅಟೆಂಡರ್ ಚೆಲುವಯ್ಯ ಬೀಗ ಹಿಡಿದು ನಿಂತಿದ್ದ.
ಹತ್ತು ನಿಮಿಷ ಎಂದು ಇನ್ನೊಂದು ಎಲೆ ಸುಲಿದೆ,
ಬೆಳಕಿನ ಕಿಂಡಿ ಕಿರಿದು ಮಾಡಿ
ಸಣ್ಣ ತಿರುಪನ್ನು ಉಸಿರಿನಷ್ಟೇ ತಿರುಗಿಸಿದೆ.

ಇದ್ದವು.
ಬಿಟ್ಟುಬಂದ ಗೋಡೆಗೆ ಅಂಟಿಕೊಂಡೇ ಎಷ್ಟೊಂದು ಎಳೆ,
ಆಲೆಮನೆಯಲ್ಲಿ ಪಾಕ ನೋಡುವವನ
ಎರಡು ಬೆರಳ ನಡುವೆ ನಿಲ್ಲುವಂಥವು.
ಸರಿದರೂ ಪೂರ್ತಿ ಸರಿಯಲೊಪ್ಪದ ಪೊರೆ.
ಇಪ್ಪತ್ತೆರಡು ಆಗಸ್ಟು ನಾನು ಉಂಡೆಯನ್ನಷ್ಟೇ ತೋರಿಸಿದ್ದೆ.

ಸಾದಾ ನೀರು ಬಿಟ್ಟೆ.
ನೇರಳೆ ನಿಧಾನವಾಗಿ ಊದಿಕೊಂಡು
ಎಳೆ ಹಿಡಿದೇ ಮೂಲೆಗಳಿಗೆ ಮರಳಿತು,
ಮೂರು ಕೋಶ ಬಿಟ್ಟು.
ಅವಕ್ಕೆ ತಡವಾಗಿತ್ತು,
ಬಣ್ಣ ಸೋರಿ ಸುತ್ತ ತಿಳಿಗುಲಾಬಿ.

"ಏನಾರ ಸಿಕ್ತಾ ಮಿಸ್?" ಚೆಲುವಯ್ಯ ಕೇಳಿದ.
"ದಾರ" ಎಂದೆ.
ಅವನು ನೆಲ ನೋಡಿದ.

ಗೆರೆಗಳ ಪಕ್ಕ ಕೆಂಪಿನಲ್ಲಿ ಸರಿ ಗುರುತು.
ಹತ್ತಕ್ಕೆ ಒಂಬತ್ತು.
ಪೆನ್ಸಿಲ್ ಮೊನೆ ದಪ್ಪ,
ಎಳೆ ಅಷ್ಟು ದಪ್ಪ ಇರಲಿಲ್ಲ.